ಕಾಲು, ಅರೆ, ಮುಕ್ಕಾಲು

ಕಳೆದ ದೀಪಾವಳಿಯ ಸಂದರ್ಭದಲ್ಲಿ ಅಮೆರಿಕದಲ್ಲಿ ನೆಲೆಸಿರುವ ನನ್ನ ಸೋದರ ಸೊಸೆ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಸಂಗತಿಯನ್ನು ತಿಳಿಸಿದಳು. ಅವಳ ಊರಿನ ಸಮುದಾಯ ಕಾಲೇಜಿನಲ್ಲಿ ನಲವತ್ತು, ಐವತ್ತು ದಾಟಿದ ಜನರು ಬಂದು ಕೂಡುವುದು, ಕಳೆಯುವುದು, ಭಿನ್ನರಾಶಿ, ಶೇಕಡಾವಾರು ಮುಂತಾದ ಮೂಲ ಲೆಕ್ಕಗಳನ್ನು ಮೊದಲಿನಿಂದ ಕಲಿಯುತ್ತಾರಂತೆ. ಎಲ್ಲರಿಗೂ ಒಂದೇ ಪಾಠ, ಒಂದೇ ಗಂಟೆ ಎಂಬ ಕಟ್ಟುಪಾಡು ಅಲ್ಲಿಲ್ಲವಂತೆ. ಒಂದು ಘಟಕ ಅರ್ಥವಾಯಿತೆಂದು ತಾನೇ ತೋರಿಸಿಕೊಟ್ಟವನು ಮುಂದಿನ ಘಟಕಕ್ಕೆ ಹೋಗುತ್ತಾನೆ. ಅರ್ಥವಾಗದವನು ಅಲ್ಲಿಯೇ ಇನ್ನೊಂದು ವಾರ ಕುಳಿತುಕೊಳ್ಳುತ್ತಾನೆ. ಯಾರೂ ಯಾರನ್ನೂ ದಡ್ಡನೆನ್ನುವುದಿಲ್ಲ. ಇಷ್ಟು ಹೇಳಿ ಅವಳು, "ಮಾವ, ನಮ್ಮ ಕಾರವಾರ, ಅಂಕೋಲೆಗಳಲ್ಲಿ ಇಂಥದು ಎಂದಿಗಾದರೂ ಬಂದೀತೇ?" ಎಂದು ಕೇಳಿದಳು.

"ಬರುವುದೇನಮ್ಮ, ಒಂದು ಕಾಲಕ್ಕೆ ಇತ್ತು" ಎಂದೆ. ಅವಳು ನಕ್ಕಳು. ಅವಳಿಗೆ ಅಂದು ಪೂರ್ತಿಯಾಗಿ ವಿವರಿಸಲಾಗಲಿಲ್ಲ. ಈ ಲೇಖನ ಆ ಉತ್ತರದ ಉಳಿದ ಭಾಗ. ಇದರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೊಡನೆ ಹೇಳಿಕೊಳ್ಳಬೇಕಾದ ನನ್ನದೇ ಒಂದು ತಪ್ಪಿನ ಮಾತೂ ಇದೆ.

ಮೊದಲು ಅಮೆರಿಕದ ಸಂಗತಿಯನ್ನೇ ನೋಡೋಣ. ಅಲ್ಲಿನ ಅತ್ಯಂತ ಹಳೆಯ ಸಾರ್ವಜನಿಕ ಸಮುದಾಯ ಕಾಲೇಜೆಂದು ಹೆಸರಾದುದು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಸಂಸ್ಥೆ. ತನ್ನ ವೇಗಕ್ಕೆ ತಾನು ಕಲಿಯುವ ಕ್ರಮಕ್ಕೆ ಅಲ್ಲಿ ಶಾಸ್ತ್ರದ ರೂಪ ಕೊಟ್ಟವರಲ್ಲಿ ಫ್ರೆಡ್ ಕೆಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಮುಖ್ಯರು. ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದುದು 1968ರಲ್ಲಿ. ಪಾಠವನ್ನು ಚಿಕ್ಕ ಘಟಕಗಳಾಗಿ ಒಡೆಯಬೇಕು. ಒಂದು ಘಟಕ ಕರಗತವಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಮುಂದೆ ಹೋದ ವಿದ್ಯಾರ್ಥಿಗಳು ಹಿಂದಿನವರಿಗೆ ನೆರವಾಗಬೇಕು. ಇವು ಅವರ ಯೋಜನೆಯ ಮುಖ್ಯ ಸೂತ್ರಗಳು. ಇವನ್ನು ಓದಿದಾಗ ನನಗೆ ನೆನಪಾದುದು ನಮ್ಮ ಗಾಂವಠಿ ಶಾಲೆ. ಹಳೆಯ ಮೈಸೂರಿನವರು ಅದನ್ನು ಕೂಲಿಮಠ ಎನ್ನುತ್ತಿದ್ದರು, ಕೆಲವು ಕಡೆ ಐಗಳ ಮಠ ಎನ್ನುತ್ತಿದ್ದರು. ಹೆಸರು ಬೇರೆಯಾದರೂ ವಸ್ತು ಒಂದೇ.

ಆ ಶಾಲೆಗಳ ಕುರಿತು ನಮಗೆ ದೊರೆಯುವ ಒಳ್ಳೆಯ ದಾಖಲೆ ಮದರಾಸು ಪ್ರಾಂತದ ಗವರ್ನರ್ ಥಾಮಸ್ ಮನ್ರೋ 1822ರ ಜೂನ್ ತಿಂಗಳಲ್ಲಿ ಆರಂಭಿಸಿದ ವಿಚಾರಣೆಯದು. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳಿದ್ದಾರೆ, ಅವರು ಯಾವ ಜಾತಿಯವರು ಎಂಬುದನ್ನು ಒಂದು ನಮೂನೆಯಲ್ಲಿ ತುಂಬಿ ಕಳುಹಿಸಬೇಕೆಂದು ಎಲ್ಲ ಕಲೆಕ್ಟರರಿಗೆ ಆದೇಶ ಹೋಯಿತು. ಮನ್ರೋ 1826ರ ಮಾರ್ಚಿಯಲ್ಲಿ ಕೂಡಿಸಿ ಹೇಳಿದ ಲೆಕ್ಕದಂತೆ ಇಡೀ ಪ್ರಾಂತದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರು. ಈ ಕಾಗದಪತ್ರಗಳನ್ನೆಲ್ಲ ಧರಂಪಾಲ್ ಅವರು 1983ರಲ್ಲಿ ಪುಸ್ತಕರೂಪದಲ್ಲಿ ಹೊರತಂದ ಮೇಲೆ ಸಾಮಾನ್ಯ ಓದುಗರಿಗೂ ಅವು ಲಭ್ಯವಾದವು.

ಆಗ ನಮ್ಮ ಕಾರವಾರ, ಅಂಕೋಲೆಗಳು ಕೆನರಾ ಜಿಲ್ಲೆಗೆ ಸೇರಿದ್ದು ಮದರಾಸಿನ ಆಡಳಿತದಲ್ಲಿದ್ದವು. ಸ್ವತಃ ಮನ್ರೋ ಅವರೇ 1799ರಲ್ಲಿ, ಟಿಪ್ಪು ಸುಲ್ತಾನನ ಪತನದ ಬಳಿಕ, ಈ ಜಿಲ್ಲೆಯ ಕಲೆಕ್ಟರಾಗಿ ಬಂದಿದ್ದವರು. ಆದುದರಿಂದ ನಾನು ಬಹಳ ಆಸೆಯಿಂದ ಕೆನರಾದ ಪಟ್ಟಿಯನ್ನು ಹುಡುಕಿದೆ. ಪಟ್ಟಿಯೇ ಇಲ್ಲ! ಕೆನರಾದ ಮುಖ್ಯ ಕಲೆಕ್ಟರರು 1822ರ ಆಗಸ್ಟ್ ತಿಂಗಳಲ್ಲಿ ಬರೆದ ಉತ್ತರದ ತಾತ್ಪರ್ಯ ಇಷ್ಟೇ: ಈ ನಮೂನೆಯನ್ನು ತುಂಬಲು ಬಹಳ ಸಮಯ ಹಿಡಿಯುತ್ತದೆ, ಇಲ್ಲಿ ವಿದ್ಯೆಯು ಬಹುಮಟ್ಟಿಗೆ ಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತದೆ, ಆದುದರಿಂದ ಎಣಿಸಿದರೂ ಆ ಎಣಿಕೆಯಿಂದ ಪ್ರಯೋಜನವಿಲ್ಲ. ಹೀಗಾಗಿ ಪ್ರಾಂತದ ಆ ದೊಡ್ಡ ಮೊತ್ತದೊಳಗೆ ನಮ್ಮ ಅಜ್ಜಂದಿರ ಅಜ್ಜಂದಿರು ಒಬ್ಬರೂ ಸೇರಿಲ್ಲ. ಲೆಕ್ಕ ಕಲಿತವರೇ ಲೆಕ್ಕಕ್ಕೆ ಸಿಗದೆ ಹೋದರು.

ಆದರೆ ಕನ್ನಡ ನಾಡಿನ ಇನ್ನೊಂದು ಮೂಲೆಯಿಂದ ಬಂದ ಉತ್ತರ ಈ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ದೀರ್ಘವಾದ ವರದಿಯೊಂದನ್ನು ಕಳುಹಿಸಿದರು. ಅವರ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ವಿದ್ಯಾರ್ಥಿಗಳು 6,641. ಸಂಖ್ಯೆಗಳಿಗಿಂತ ಅವರು ಬರೆದ ಕಲಿಕೆಯ ವಿವರ ಹೆಚ್ಚು ಸ್ವಾರಸ್ಯಕರವಾಗಿದೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈಯಲ್ಲಿ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಸಾಮಾನ್ಯವಾಗಿ ನಾಲ್ಕು ಗುಂಪುಗಳು. ಹುಡುಗನು ತನ್ನ ಶಕ್ತಿಗೂ ಪ್ರಗತಿಗೂ ತಕ್ಕಂತೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಏರುತ್ತಿದ್ದನು. ಅದಕ್ಕೆ ಮಾರ್ಚ್ ತಿಂಗಳೂ ಇಲ್ಲ, ಜೂನ್ ತಿಂಗಳೂ ಇಲ್ಲ. ಕೆಳಗಿನ ಗುಂಪುಗಳನ್ನು ಮೇಲಿನ ಹುಡುಗರು ನೋಡಿಕೊಳ್ಳುತ್ತಿದ್ದರು. ಕಲಿಸುತ್ತಲೇ ಅವರ ಕಲಿಕೆಯೂ ಗಟ್ಟಿಯಾಗುತ್ತಿತ್ತು. ಕೆಲ್ಲರರ ಸೂತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಈ ಕ್ರಮ ಇಂಗ್ಲೆಂಡಿಗೂ ಹೋಯಿತು. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಸಮೀಪದ ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಮ್ಮಲ್ಲಿ ಅಳವಡಿಸಿಕೊಂಡರು. ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಪ್ರಯೋಗದ ಕುರಿತು 1797ರಲ್ಲಿ ಪುಸ್ತಕ ಬರೆದರು. 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಹಬ್ಬಿತು. ಕ್ಯಾಂಪ್‌ಬೆಲ್ ಕೂಡ ತಮ್ಮ ವರದಿಯಲ್ಲಿ, ಇದು ಇಂಗ್ಲೆಂಡ್ ಅನುಕರಿಸಿದ್ದಕ್ಕೆ ಯೋಗ್ಯವಾದ ಕ್ರಮವೇ ಸರಿ ಎಂದು ಮೆಚ್ಚಿದ್ದಾರೆ.

ಇನ್ನು ಲೆಕ್ಕದ ವಿಷಯ. ಕ್ಯಾಂಪ್‌ಬೆಲ್ ಬರೆದಿರುವ ಒಂದು ಅಂಶವನ್ನು ಗಣಿತದ ಮೇಷ್ಟರಾದ ನಾನು ಎರಡೆರಡು ಸಲ ಓದಿದೆ. ಒಂದರಿಂದ ನೂರರವರೆಗೆ ಎಣಿಕೆ, ಕೂಡುವ ಕೋಷ್ಟಕ, ಹಣದ ಸಣ್ಣ ಸಂಕಲನ ವ್ಯವಕಲನ, ಗುಣಾಕಾರ ಇವೆಲ್ಲ ಆದ ಮೇಲೆ ಹುಡುಗನಿಗೆ ಭಿನ್ನಾಂಶಗಳನ್ನು ಕಲಿಸಲು ಬಹಳ ಶ್ರಮ ವಹಿಸುತ್ತಿದ್ದರಂತೆ. ಆ ಭಿನ್ನಾಂಶಗಳು ನಮ್ಮ ದಶಮಾಂಶದಂತೆ ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದವು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದರಲ್ಲಿ ನಾಲ್ಕನೆಯ ಪಾಲು ಕಾಲು; ಕಾಲಿನಲ್ಲಿ ಮತ್ತೆ ನಾಲ್ಕನೆಯ ಪಾಲು ವೀಸ, ಅಂದರೆ ಹದಿನಾರನೆಯ ಒಂದು. ರೂಪಾಯಿಗೆ ಹದಿನಾರು ಆಣೆ. ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಇಂದಿಗೂ ನಿಮ್ಮ ಜಮೀನಿನ ಪಹಣಿಯನ್ನು ಬಿಡಿಸಿ ನೋಡಿ: ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ. ನಾಣ್ಯದಿಂದ ಹೋದ ಆಣೆ ನೆಲದಲ್ಲಿ ಉಳಿದುಕೊಂಡಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಬರೆದ ಗಣಿತ ಗ್ರಂಥಗಳಲ್ಲಿ ಒಂದರ ಹೆಸರೇ 'ವ್ಯವಹಾರಗಣಿತ'. ನಮ್ಮಲ್ಲಿ ಲೆಕ್ಕವು ಬದುಕಿನ ವ್ಯವಹಾರದ ಕೈಹಿಡಿದೇ ನಡೆದು ಬಂದಿದೆ ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಲಾರೆ. ಬಳ್ಳಾರಿಯ ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಗೊತ್ತೇ? ಕೇವಲ 60. ನೂರಕ್ಕೆ ಒಬ್ಬಳೂ ಪೂರ್ತಿಯಾಗಿ ಬರುವುದಿಲ್ಲ. ಪೆಟ್ಟಿನ ಮಾತನ್ನು ಆಗಲೇ ಹೇಳಿದೆ. ಆ ಶಾಲೆಯು ಒಳಗೆ ಬಂದವನಿಗೆ ಅವನದೇ ವೇಳೆಯನ್ನು ಕೊಟ್ಟಿತು, ಆದರೆ ಬಾಗಿಲನ್ನು ಎಲ್ಲರಿಗೂ ತೆರೆಯಲಿಲ್ಲ.

ಬಾಗಿಲು ತೆರೆದುದು ಸರಕಾರಿ ಶಾಲೆ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲೆಯ ಕೇಂದ್ರವಾಗಿ ಬೆಳೆಯಿತು. ಮುಂಬಯಿ ಇಲಾಖೆಯ ಕನ್ನಡ ಶಾಲೆಗಳೊಡನೆ ಬಿನ್ನೆತ್ತೆ, ಒಂದನೆಯ ಇಯತ್ತೆ, ಎರಡನೆಯ ಇಯತ್ತೆ, ಕೊನೆಗೆ ಮುಲ್ಕಿ ಪರೀಕ್ಷೆ ಎಂಬ ಮೆಟ್ಟಿಲುಗಳು ನಮ್ಮಲ್ಲಿ ಬೇರೂರಿದವು. ನಮ್ಮ ಮನೆಯ ಹಿರಿಯರು ತರಗತಿ ಎನ್ನದೆ ಇಯತ್ತೆ ಎಂದೇ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಕಾಕತಾಳೀಯವೆಂಬಂತೆ ಅದೇ 1862ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಶಿಕ್ಷಣ ಸಂಹಿತೆಯೊಂದು ಜಾರಿಗೆ ಬಂದಿತ್ತು. ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ತೇರ್ಗಡೆಯಾದವರ ಸಂಖ್ಯೆಗೆ ತಕ್ಕಂತೆ ಶಾಲೆಗೆ ಹಣ ಕೊಡುವ ವ್ಯವಸ್ಥೆ ಅದು. ಆ ಕಾಲದ ಗಾಳಿಯೇ ಹಾಗಿತ್ತು. ವರ್ಷಕ್ಕೆ ಒಂದು ಮೆಟ್ಟಿಲು. ಹತ್ತಿದವನು ಪಾಸು, ಹತ್ತಲಾರದವನು ನಪಾಸು. ಈ ಶಾಲೆಯಿಂದಾಗಿ ಹೆಣ್ಣುಮಕ್ಕಳೂ, ಹಾಲಕ್ಕಿಗಳೂ, ಮೀನುಗಾರರ ಮಕ್ಕಳೂ ಕಾಲಾಂತರದಲ್ಲಿ ಒಳಗೆ ಬಂದರು. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಹಳ್ಳಿಗೆ ಪ್ರೌಢಶಾಲೆಗಳನ್ನು ತಂದಿರದಿದ್ದರೆ ಈ ಲೇಖನವನ್ನು ಓದುತ್ತಿರುವ ಎಷ್ಟೋ ಮಂದಿ ಹೈಸ್ಕೂಲಿನ ಮುಖ ಕಾಣುತ್ತಿರಲಿಲ್ಲ. ಆದರೆ ಬಾಗಿಲು ತೆರೆದ ಶಾಲೆ ಗೋಡೆಗೆ ಒಂದೇ ಗಡಿಯಾರವನ್ನು ತೂಗುಹಾಕಿತು. ಇದು ಲಾಭವೂ ಹೌದು, ನಷ್ಟವೂ ಹೌದು.

ನಡುವೆ ಒಮ್ಮೆ ಇಡೀ ದೇಶವೇ ಗಡಿಯಾರವಿಲ್ಲದ ಲೆಕ್ಕದ ಶಾಲೆಗೆ ಸೇರಬೇಕಾಯಿತು. 1957ರ ಏಪ್ರಿಲ್ 1ರಂದು ನಯೇ ಪೈಸೆ ಚಲಾವಣೆಗೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯದಾಯಿತು. ನಾಲ್ಕಾಣೆಗೆ 25, ಎಂಟಾಣೆಗೆ 50 ಎಂಬುದು ಸರಿ, ಒಂದಾಣೆಗೆ ಎಷ್ಟು? ಆರೂಕಾಲು. ಕಾಲು ಪೈಸೆಯ ನಾಣ್ಯ ಎಲ್ಲಿದೆ? ಸರಕಾರದ ಕೋಷ್ಟಕ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ನಿಗದಿ ಮಾಡಿತು. ಒಂದೊಂದಾಣೆಯ ಸಾಮಾನನ್ನು ಹದಿನಾರು ಸಲ ಬೇರೆ ಬೇರೆಯಾಗಿ ಕೊಂಡರೆ ತೆರಬೇಕಾದುದು 96 ಪೈಸೆ. ಒಟ್ಟಿಗೆ ಕೊಂಡರೆ ಒಂದು ರೂಪಾಯಿ! ಇಂಥ ಗೊಂದಲದಲ್ಲಿ ಅಂಗಡಿಕಾರರೂ, ಗೃಹಿಣಿಯರೂ, ಕೂಲಿಯವರೂ ತಂತಮ್ಮ ವೇಗದಲ್ಲಿ ಹೊಸ ಲೆಕ್ಕವನ್ನು ಕಲಿತರು. ಬೆನ್ನಹಿಂದೆಯೇ ಕಿಲೋಗ್ರಾಮು, ಲೀಟರು, ಮೀಟರುಗಳೂ ಬಂದವು. ನನ್ನ ಅಜ್ಜಿ ಕೊನೆಯವರೆಗೂ ಪೈಸೆಯನ್ನು ಆಣೆಗೆ ತಿರುಗಿಸಿ, ಮನಸ್ಸಿನಲ್ಲಿ ಲೆಕ್ಕ ಹಾಕಿ, ಉತ್ತರವನ್ನು ಮತ್ತೆ ಪೈಸೆಗೆ ತಿರುಗಿಸಿ ಹೇಳುತ್ತಿದ್ದಳು. ಅವಳ ಉತ್ತರ ತಪ್ಪಿದ್ದು ನನಗೆ ನೆನಪಿಲ್ಲ. ಅವಳನ್ನು ಯಾರೂ ನಪಾಸು ಮಾಡಲಿಲ್ಲ. ಆದುದರಿಂದ ಅವಳು ಕಲಿತಳು.

ಈಗ ನನ್ನ ತಪ್ಪಿನ ಮಾತು. ತೊಂಬತ್ತರ ದಶಕದಲ್ಲಿ ನಾನು ಎಂಟನೆಯ ತರಗತಿಗೆ ಗಣಿತ ಕಲಿಸುತ್ತಿದ್ದಾಗ ಸಮುದ್ರದಂಡೆಯ ಊರಿನ ಹುಡುಗನೊಬ್ಬನಿದ್ದ. ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವ ದಿನಗಳಲ್ಲಿ ಅವನು ವಾರಗಟ್ಟಲೆ ಬರುತ್ತಿರಲಿಲ್ಲ. ಬಂದಾಗ ತರಗತಿ ಮುಂದೆ ಹೋಗಿರುತ್ತಿತ್ತು. ಭಿನ್ನರಾಶಿಯ ಭಾಗಾಕಾರವನ್ನು ಕರಿಹಲಗೆಯ ಮೇಲೆ ಮಾಡೆಂದು ಕರೆದರೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಒಂದು ದಿನ ನಾನು ಎಲ್ಲರೆದುರಿಗೆ, "ನಿನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ, ಹೋಗಿ ಕುಳಿತುಕೋ" ಎಂದೆ. ತರಗತಿ ನಕ್ಕಿತು. ನಾನು ಪಾಠ ಮುಂದುವರಿಸಿದೆ. ಪರೀಕ್ಷೆಯೊಳಗೆ ಪಠ್ಯ ಮುಗಿಸಬೇಕಲ್ಲ! ವರ್ಷ ಮುಗಿಯುವ ಮುನ್ನವೇ ಅವನು ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ.

ಹಲವು ವರ್ಷಗಳ ನಂತರ ಕಾರವಾರದ ಬೈತಖೋಲ ಬಂದರಿನಲ್ಲಿ ಅವನನ್ನು ಕಂಡೆ. ದೋಣಿಯ ಆದಾಯವನ್ನು ಪಾಲು ಹಾಕುತ್ತಿದ್ದ. ಬಂದ ಹಣ 19,150 ರೂಪಾಯಿ. ಡೀಸೆಲ್ಲು, ಮಂಜುಗಡ್ಡೆ, ಊಟದ ಖರ್ಚು 7,400. ಉಳಿದುದರಲ್ಲಿ ಅರ್ಧ ದೋಣಿಗೆ, ಇನ್ನರ್ಧ ಐದು ಮಂದಿಗೆ. ಕಾಗದವಿಲ್ಲ, ಪೆನ್ನಿಲ್ಲ. "ಆಳಿಗೆ ಸಾವಿರದ ನೂರಾ ಎಪ್ಪತ್ತೈದು" ಎಂದು ಹೇಳಿ ನೋಟುಗಳನ್ನು ಎಣಿಸತೊಡಗಿದ. ನಾನು ಕೈಬೆರಳಿನಲ್ಲಿ ತಾಳೆ ನೋಡಿದೆ, ಸರಿಯಾಗಿತ್ತು. ಅವನು ನನ್ನನ್ನು ಗುರುತಿಸಿ ಪ್ರೀತಿಯಿಂದ ಮಾತನಾಡಿಸಿದ. "ಎಷ್ಟು ಚೆನ್ನಾಗಿ ಲೆಕ್ಕ ಮಾಡುತ್ತೀಯೋ!" ಎಂದು ನಾನು ಉದ್ಗರಿಸಿದಾಗ ನಗುತ್ತಲೇ, "ನಂಗೆ ಲೆಕ್ಕ ಬರೂದಿಲ್ಲ ಅಂದವ್ರು ನೀವೇ ಅಲ್ವಾ ಸರ್" ಎಂದ. ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಕಹಿ ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಕೊಟ್ಟ ಮೀನಿಗೆ ಹಣ ತೆಗೆದುಕೊಳ್ಳಲಿಲ್ಲ.

ಅದೇ ತೊಂಬತ್ತರ ದಶಕದಲ್ಲಿ ದೇಶದಲ್ಲೆಲ್ಲ ಸಾಕ್ಷರತಾ ಆಂದೋಲನ ನಡೆದಿತ್ತು. ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದುದು 1988ರ ಮೇ 5ರಂದು. ಕೇರಳದ ಎರ್ನಾಕುಲಂ 1990ರ ಫೆಬ್ರವರಿಯಲ್ಲಿ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. ಆ ಉತ್ಸಾಹ ನಮ್ಮ ಕರಾವಳಿಗೂ ಬಂತು. ಆಗಿನ ಪಾಠಪುಸ್ತಕಗಳ ಕ್ರಮ ಹೊಸದಾಗಿತ್ತು. ಮೂರು ಪುಸ್ತಕಗಳು, ಪಾಠ, ಅಭ್ಯಾಸ, ಪರೀಕ್ಷೆ ಮೂರೂ ಒಂದೇ ಪುಸ್ತಕದೊಳಗೆ, ಒಟ್ಟು ಸುಮಾರು 200 ಗಂಟೆಗಳ ಕಲಿಕೆ, ಕಲಿಯುವವನು ತನ್ನ ಪ್ರಗತಿಯನ್ನು ತಾನೇ ಅಳೆದುಕೊಂಡು ಮುಂದೆ ಹೋಗಬೇಕು. ವಯಸ್ಕರಿಗೆ ಅವರದೇ ವೇಳೆಯನ್ನು ಮರಳಿ ಕೊಟ್ಟ ಈ ಕ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಲೆಕ್ಕದಲ್ಲಿ ಇಷ್ಟು ಬಂದರೆ ಸಾಕ್ಷರ ಎಂದು ಗೊತ್ತುಮಾಡಿದ ಮಟ್ಟವನ್ನು ನೋಡಿರಿ: ನೂರರವರೆಗೆ ಅಂಕಿಗಳು, ಸರಳವಾದ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ತೂಕ, ಅಳತೆ, ಹಣ, ವೇಳೆ, ಬಡ್ಡಿಯ ಸ್ಥೂಲ ಪರಿಚಯ, ಇವೆಲ್ಲವೂ ಭಿನ್ನರಾಶಿಯನ್ನು ಬಿಟ್ಟು. ಗಾಂವಠಿ ಶಾಲೆ ಬಹಳ ಶ್ರಮಪಟ್ಟು ಕಲಿಸುತ್ತಿದ್ದುದನ್ನೇ ಇಲ್ಲಿ ಕಷ್ಟವೆಂದು ಕೈಬಿಡಲಾಗಿತ್ತು. ಸಂತೆಯಲ್ಲಿ ಮುಂಜಾನೆಯಿಂದ ಕಾಲು, ಅರೆ, ಮುಕ್ಕಾಲು ಎನ್ನುತ್ತ ಬದುಕುವ ಹೆಂಗಸಿಗೆ ಭಿನ್ನರಾಶಿ ಕಷ್ಟವೆಂದು ನಿರ್ಧರಿಸಿದವರು ಸಂತೆಗೆ ಹೋಗಿರಲಿಲ್ಲವೆಂದು ತೋರುತ್ತದೆ. ಆ ಆಂದೋಲನದಲ್ಲಿ ಕೆಲವು ಸಂಜೆ ಕಲಿಸಿದ ನನಗೂ ಆಗ ಅದು ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹೊಳೆದುದು ನಿವೃತ್ತಿಯ ನಂತರ. ನಮ್ಮ ಮನೆಗೆ ಮೀನು ತರುವ ಹೆಂಗಸು, ಐವತ್ತು ದಾಟಿದವಳು, ಒಂದು ದಿನ ಬುಟ್ಟಿ ಇಳಿಸಿ ಸ್ವಸಹಾಯ ಸಂಘದ ಪುಸ್ತಕವೊಂದನ್ನು ತೋರಿಸಿ, "ಇದರಲ್ಲಿ ಬರೆದದ್ದು ನನಗೇ ತಿಳಿಯುವ ಹಾಗೆ ಕಲಿಸುತ್ತೀರಾ?" ಎಂದು ಕೇಳಿದಳು. ಓದಿ ಹೇಳಿರೆಂದು ಅವಳು ಕೇಳಲಿಲ್ಲ, ಕಲಿಸಿರೆಂದು ಕೇಳಿದಳು. ನಮ್ಮ ಜಗಲಿಯಲ್ಲಿ ಪಾಠ ಆರಂಭವಾಯಿತು. ವೇಳಾಪಟ್ಟಿಯನ್ನು ಬರೆದುದು ಸಮುದ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವಾಗ ವಾರಕ್ಕೆ ನಾಲ್ಕು ದಿನ ಬರುತ್ತಿದ್ದಳು. ಬಂಗುಡೆಯ ಸುಗ್ಗಿಯಲ್ಲಿ ತಿಂಗಳಿಗೊಮ್ಮೆಯೂ ಇಲ್ಲ. ಬಂದಾಗ ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದೆವು. ತರಗತಿ ಅವಳನ್ನು ಬಿಟ್ಟು ಮುಂದೆ ಹೋಗಿರುತ್ತಿರಲಿಲ್ಲ, ಏಕೆಂದರೆ ತರಗತಿಯೆಂದರೆ ಅವಳೇ.

ಒಂದು ಸಂಜೆ ಏಕಮಾನ ಪದ್ಧತಿಯನ್ನು ಕಲಿಸಲು ಕುಳಿತೆ. "ಹನ್ನೆರಡು ಬಂಗುಡೆಗೆ ಐವತ್ತು ರೂಪಾಯಿಯಾದರೆ ಮೂವತ್ತು ಬಂಗುಡೆಗೆ ಎಷ್ಟು?" ಮೊದಲು ಒಂದರ ಬೆಲೆ ಕಂಡುಹಿಡಿಯಬೇಕೆಂದು ಹೇಳಿ 50ನ್ನು 12ರಿಂದ ಭಾಗಿಸಿ ತೋರಿಸಿದೆ: 4.1666... ಎಂದು ಕೊನೆಯಿಲ್ಲದೆ ಹೋಯಿತು. 4.16 ಎಂದು ಹಿಡಿದು 30ರಿಂದ ಗುಣಿಸಿದೆ; 124 ರೂಪಾಯಿ 80 ಪೈಸೆ ಬಂತು. ಅವಳು ಸ್ವಲ್ಪ ಹೊತ್ತು ನನ್ನ ಹಲಗೆಯನ್ನು ನೋಡಿ ಸಂಕೋಚದಿಂದಲೇ, "ಇಪ್ಪತ್ತು ಪೈಸೆ ಎಲ್ಲಿ ಹೋಯಿತು?" ಎಂದು ಕೇಳಿದಳು. ಅವಳ ಲೆಕ್ಕ ಹೀಗೆ: ಎರಡು ಹನ್ನೆರಡು ಇಪ್ಪತ್ತನಾಲ್ಕು, ಅದಕ್ಕೆ ನೂರು, ಉಳಿದ ಆರು ಹನ್ನೆರಡರ ಅರ್ಧ, ಅದಕ್ಕೆ ಇಪ್ಪತ್ತೈದು, ಒಟ್ಟು ನೂರಿಪ್ಪತ್ತೈದು. ಮೂವತ್ತೆಂದರೆ ಹನ್ನೆರಡರ ಎರಡೂವರೆ ಪಟ್ಟು. ಐವತ್ತರ ಎರಡೂವರೆ ಪಟ್ಟು ನೂರಿಪ್ಪತ್ತೈದು. ಪ್ರಾಚೀನರು ತ್ರೈರಾಶಿಕವೆಂದು ಕರೆದ ಸೂತ್ರವೂ ಇದೇ ಉತ್ತರವನ್ನು ಕೊಡುತ್ತದೆ. ಮೂವತ್ತು ವರ್ಷ ಗಣಿತ ಕಲಿಸಿದ ನಾನು ಇಪ್ಪತ್ತು ಪೈಸೆ ಕಳೆದುಕೊಂಡಿದ್ದೆ; ಶಾಲೆಯ ಮೆಟ್ಟಿಲು ಹತ್ತದವಳು ಅದನ್ನು ಹುಡುಕಿ ಕೊಟ್ಟಳು.

ಅಂದಿನಿಂದ ನಾನು ಪಾಠದ ದಿಕ್ಕನ್ನೇ ಬದಲಿಸಿದೆ. ಅವಳು ಬಾಯಲ್ಲಿ ಮಾಡಿದ ಲೆಕ್ಕವನ್ನು ಮೊದಲು ಕೇಳುವುದು, ಬಳಿಕ ಅದನ್ನೇ ಅಂಕಿಯಲ್ಲಿ ಬರೆದು ತೋರಿಸುವುದು. ಅವಳಿಗೆ ಬೇಕಾಗಿದ್ದುದು ಲೆಕ್ಕವಲ್ಲ, ಲೆಕ್ಕದ ಬರವಣಿಗೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಸಂಘದ ಪುಸ್ತಕವನ್ನು ತಾನೇ ಓದತೊಡಗಿದಳು. ಹತ್ತು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ 200 ರೂಪಾಯಿ; ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಇಪ್ಪತ್ತನಾಲ್ಕು. ನಾಲ್ಕು ಸಾವಿರ ತೀರಿಸಿದ ಮೇಲೆಯೂ ಒಂದು ತಿಂಗಳು ಬಡ್ಡಿಯ ಸಾಲಿನಲ್ಲಿ 200 ಎಂದೇ ಬರೆದಿತ್ತು. "ಆರು ಸಾವಿರಕ್ಕೆ ನೂರಿಪ್ಪತ್ತಲ್ಲವೇ? ಎಂಬತ್ತು ಹೆಚ್ಚು ಹಿಡಿದಿದ್ದಾರೆ" ಎಂದು ಬೆರಳಿಟ್ಟು ತೋರಿಸಿದಳು. ಲೆಕ್ಕ ಬರೆಯುತ್ತಿದ್ದ ಹುಡುಗಿ ಕೈತಪ್ಪೆಂದು ಒಪ್ಪಿಕೊಂಡು ಕೂಡಲೇ ಸರಿಪಡಿಸಿದಳಂತೆ. ಎಂಬತ್ತು ರೂಪಾಯಿ ದೊಡ್ಡದಲ್ಲ. ಆದರೆ ಮುಂದಿನ ಸಭೆಯಲ್ಲಿ ಉಳಿದ ಹೆಂಗಸರೂ ತಂತಮ್ಮ ಪುಸ್ತಕಗಳನ್ನು ಅವಳ ಮುಂದೆ ಹಿಡಿದರೆಂದು ಹೇಳುವಾಗ ಅವಳ ಮುಖವನ್ನು ನೀವು ನೋಡಬೇಕಾಗಿತ್ತು.

ಇದು ನಮ್ಮೊಬ್ಬರ ಅನುಭವವಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದುವನ್ನು ಮಾರುವ ಮಕ್ಕಳನ್ನು ಕುರಿತ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಪ್ರಶ್ನೆಗಳಿಗೆ ಆ ಮಕ್ಕಳು ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟರು. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ ಸುಮಾರು 37. ಅಧ್ಯಯನಕ್ಕೆ ಒಳಪಟ್ಟವರು ಐವರೇ ಎಂಬುದನ್ನೂ ಹೇಳಬೇಕು. ಆದರೆ ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತೇರ್ ಡಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ 1,436 ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಫಲಿತಾಂಶವೂ ಅದೇ ದಾರಿಯದು. ಇನ್ನೊಂದು ಮುಖವನ್ನೂ ಅವರು ತೋರಿಸಿದ್ದಾರೆ: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸುತ್ತಾರೆ. ಸಂತೆಗೂ ಶಾಲೆಗೂ ನಡುವೆ ಸೇತುವೆ ಇಲ್ಲ. ಕಟ್ಟಬೇಕಾದವರು ನಾವು, ಮೇಷ್ಟರುಗಳು, ನಾವು ಕಟ್ಟಲಿಲ್ಲ.

ಈಗ ದಾರಿಗಳು ಇಲ್ಲವೆಂದಲ್ಲ. 1989ರಲ್ಲಿ ಸ್ಥಾಪನೆಯಾಗಿ ಇಂದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎನಿಸಿಕೊಂಡಿರುವ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಿದವರು ಐದು ವರ್ಷಗಳ ಅವಧಿಯಲ್ಲಿ ತಮಗೆ ಅನುಕೂಲವಾದಾಗ ಒಂದೊಂದೇ ವಿಷಯ ಮುಗಿಸಬಹುದು. ಅಲ್ಲಿಯೇ ಮೂರು, ಐದು, ಎಂಟನೆಯ ತರಗತಿಗಳಿಗೆ ಸಮಾನವಾದ ಹಂತಗಳೂ ಇವೆ. ಹದಿನೈದು ವರ್ಷ ಮೀರಿದ ಅನಕ್ಷರಸ್ಥರಿಗಾಗಿ 2022ರಿಂದ 'ಉಲ್ಲಾಸ್' ಕಾರ್ಯಕ್ರಮ ಬಂದಿದೆ. ಅದರ ಪರೀಕ್ಷೆಯ 150 ಅಂಕಗಳಲ್ಲಿ 50 ಅಂಕ ಲೆಕ್ಕಕ್ಕೆ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಸಾಕ್ಷರತೆ ನೂರಕ್ಕೆ 84. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಉಳಿದ 16 ಮಂದಿ ನಮ್ಮ ಮನೆಯಂಗಳಕ್ಕೇ ಮೀನು, ಸೊಪ್ಪು, ಮಾವಿನಹಣ್ಣು ತಂದು, ನಮಗಿಂತ ಬೇಗ ಚಿಲ್ಲರೆ ಎಣಿಸಿ ಕೊಟ್ಟು ಹೋದವರು.

ಸೋದರ ಸೊಸೆಗೆ ನಾನು ಹೇಳಬೇಕೆಂದಿದ್ದುದು ಇದು. ಅವರವರ ವೇಳೆಗೆ ಲೆಕ್ಕ ಕಲಿಯುವುದು ಅಮೆರಿಕದಿಂದ ಬರಬೇಕಾದ ಹೊಸ ವಸ್ತುವಲ್ಲ. ನಮ್ಮ ಗಾಂವಠಿ ಶಾಲೆ ಕಲಿಯುವವನಿಗೆ ವೇಳೆ ಕೊಟ್ಟಿತು, ಬಾಗಿಲು ತೆರೆಯಲಿಲ್ಲ. ಸರಕಾರಿ ಶಾಲೆ ಬಾಗಿಲು ತೆರೆಯಿತು, ವೇಳೆ ಕೊಡಲಿಲ್ಲ. ಎರಡೂ ಕೂಡಿದಲ್ಲಿ, ಜೊತೆಗೆ ಕಲಿಯುವವನು ಆಗಲೇ ಬಲ್ಲದ್ದೇನು ಎಂದು ಮೊದಲು ಕೇಳಿದಲ್ಲಿ, ಲೆಕ್ಕ ಹತ್ತದ ತಲೆ ಎಂಬುದು ಇರಲಾರದು.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಿಗಾದರೂ ನಾನು "ನಿನಗೆ ಗಣಿತ ಬರುವುದಿಲ್ಲ" ಎಂದು ಹೇಳಿದ್ದರೆ, ಆ ಮಾತು ತಪ್ಪು. ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬಂದರಿನಲ್ಲಿ ಭೇಟಿಯಾದ ಆ ಹುಡುಗನಿಗೆ ಅಂದು ಮುಖಕ್ಕೆ ಮುಖ ಕೊಟ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವನನ್ನು ಬಲ್ಲವರು ಇದನ್ನು ಅವನಿಗೆ ಓದಿ ಹೇಳಿರಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಪುಸ್ತಕದ ಲೆಕ್ಕ ತಿಳಿಯಬೇಕೆಂಬ ಆಸೆಯುಳ್ಳವರಿದ್ದರೆ ನಮ್ಮ ಜಗಲಿಗೆ ಕಳುಹಿಸಿರಿ. ಹೊತ್ತು ಅವರದು. ಈ ಮಳೆಗಾಲಕ್ಕೆ ಈಗಾಗಲೇ ಮೂವರು ಬರುತ್ತೇವೆಂದು ಹೇಳಿಕಳುಹಿಸಿದ್ದಾರೆ. ಅವರನ್ನು ಕರೆತರುತ್ತಿರುವವಳು ಅವಳೇ. ಒಂದನೆಯ ಪಾಠವನ್ನು ತಾನೇ ಕಲಿಸುತ್ತಾಳಂತೆ.